ಹುಲ್ಲಿನ ಮೇಲಿನ ಹನಿ

ಚಿತ್ರೀಕರಣಕ್ಕೆಂದು ಒಮ್ಮೆ ಬೆಳಗಿನ ಆರು ಗಂಟೆಗೇ ಗಾಲ್ಫ್ ಮೈದಾನವೊಂದಕ್ಕೆ ಹೋಗಿದ್ದೆವು. ಇಬ್ಬನಿ ತುಂಬಿದ ಹುಲ್ಲುಹಾಸಿನ ದೃಶ್ಯ ನಮಗೆ ಬೇಕಿತ್ತು. ಕ್ಯಾಮೆರಾ ಸಿದ್ಧವಾಗುವಷ್ಟರಲ್ಲಿ ಮಾಲಿಯೊಬ್ಬರು ಉದ್ದನೆಯ ರಬ್ಬರ್ ಪೈಪನ್ನು ಹುಲ್ಲಿನ ಮೇಲೆ ಎಳೆದುಕೊಂಡು ಹೋಗಿ ಹನಿಗಳನ್ನೆಲ್ಲ ಉದುರಿಸಿಬಿಟ್ಟರು! ಕೇಳಿದ್ದಕ್ಕೆ, "ಇಬ್ಬನಿ ನಿಂತರೆ ಹುಲ್ಲಿಗೆ ರೋಗ ಬರುತ್ತೆ ಸಾರ್" ಎಂದರು. ಅವರ ಮಾತಿನ ಹಿಂದೆ ಒಳ್ಳೆಯ ವಿಜ್ಞಾನವೇ ಇದೆ.

ಇಬ್ಬನಿ ಮಳೆಯಂತೆ ಮೇಲಿನಿಂದ ಬೀಳುವುದಿಲ್ಲ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಗಳಲ್ಲಿ ಹುಲ್ಲಿನ ಎಸಳು ತನ್ನ ಶಾಖವನ್ನು ವಿಕಿರಣದ ಮೂಲಕ ಕಳೆದುಕೊಂಡು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಆಗ ಅದಕ್ಕೆ ತಗುಲಿದ ಗಾಳಿಯಲ್ಲಿರುವ ನೀರಾವಿ ಹನಿಗಟ್ಟುತ್ತದೆ. ವಿಲಿಯಂ ಚಾರ್ಲ್ಸ್ ವೆಲ್ಸ್ ಎಂಬ ವೈದ್ಯರು ಉಣ್ಣೆಯ ಉಂಡೆಗಳನ್ನು ರಾತ್ರಿ ಬಯಲಿನಲ್ಲಿಟ್ಟು, ಬೆಳಿಗ್ಗೆ ತೂಗಿ ನೋಡಿ, 1814ರಲ್ಲಿ ಇದನ್ನು ವಿವರಿಸಿದರು. ತೇವದ ಮಣ್ಣಿನಿಂದ ಏಳುವ ಆವಿಯೂ ಹೀಗೆಯೇ ಎಸಳಿನ ಮೇಲೆ ಹನಿಯಾಗುತ್ತದೆ.

ಇನ್ನೊಂದು ಮೂಲ ಹುಲ್ಲೇ! ಬೇರುಗಳು ರಾತ್ರಿಯೂ ನೀರನ್ನು ಹೀರುತ್ತವೆ. ಹೆಚ್ಚಾದ ನೀರು ಎಸಳಿನ ತುದಿಯಿಂದ ಹೊರಬರುತ್ತದೆ. ಇದಕ್ಕೆ ಬಿಂದುಸ್ರಾವವೆಂದು ಹೆಸರು. ಇದು ಶುದ್ಧ ನೀರಲ್ಲ. ಇದರಲ್ಲಿ ಲವಣ, ಸಕ್ಕರೆ, ಅಮೈನೋ ಆಮ್ಲಗಳು ಕರಗಿರುತ್ತವೆ.

ರೋಗ ತರುವ ಶಿಲೀಂಧ್ರಕ್ಕೆ ಇನ್ನೇನು ಬೇಕು? ಕುಡಿಯಲು ನೀರು, ತಿನ್ನಲು ಆಹಾರ ಎರಡೂ ಒಂದೇ ಕಡೆ ಸಿಕ್ಕಂತಾಯಿತು. ಅಮೆರಿಕದ ಗಾಲ್ಫ್ ಮೈದಾನಗಳನ್ನು ಕಾಡುವ 'ಡಾಲರ್ ಸ್ಪಾಟ್' ರೋಗವನ್ನೇ ನೋಡಿ. ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಕತ್ತರಿಸಿದ ಕಡೆ ಬೆಳ್ಳಿ ಡಾಲರ್ ನಾಣ್ಯದಷ್ಟಗಲದ, ಒಣಹುಲ್ಲಿನ ಬಣ್ಣದ ಕಲೆಗಳು ಮೂಡುತ್ತವೆ. ಮುಂಜಾನೆ ಅವುಗಳ ಮೇಲೆ ಜೇಡರ ಬಲೆಯಂಥ ಬಿಳಿ ಎಳೆಗಳು ಕಾಣುತ್ತವೆ. ಎಸಳು ಎಷ್ಟು ಹೊತ್ತು ಒದ್ದೆಯಾಗಿರುತ್ತದೋ ಶಿಲೀಂಧ್ರಕ್ಕೆ ಅಷ್ಟು ಅನುಕೂಲ. ಎಂದರೆ, ಹನಿ ಎಷ್ಟು ದೊಡ್ಡದು ಎಂಬುದಕ್ಕಿಂತ ಅದು ಎಷ್ಟು ಗಂಟೆ ನಿಂತಿತು ಎಂಬುದೇ ಮುಖ್ಯ.

ಆದ್ದರಿಂದಲೇ ಮುಂಜಾನೆ ಪೈಪು ಎಳೆಯುವುದು, ಕೋಲಾಡಿಸುವುದು, ಇಬ್ಬನಿ ಇರುವಾಗಲೇ ಹುಲ್ಲು ಕತ್ತರಿಸುವುದು ಇವೆಲ್ಲ ರೂಢಿಗೆ ಬಂದವು. ಹನಿ ಉದುರಿದರೆ ಎಸಳು ಬೇಗ ಒಣಗುತ್ತದೆ, ರೋಗವೂ ತಗ್ಗುತ್ತದೆ. ಇದರಿಂದಲೇ ರೋಗ ಪೂರ್ತಿ ಹೋಗದು, ನಿಜ. ಆದರೆ ಔಷಧಿ ಸಿಂಪಡಿಸುವುದು ಕಡಿಮೆಯಾದರೂ ಲಾಭವೇ. ಪದೇ ಪದೇ ಸಿಂಪಡಿಸಿದ ಔಷಧಿಗಳಿಗೆ ಈ ಶಿಲೀಂಧ್ರ ಒಗ್ಗಿಕೊಂಡದ್ದೂ ಉಂಟು. ಸಂಜೆ ನೀರು ಹಾಯಿಸಿದರೆ ಹುಲ್ಲು ರಾತ್ರಿಯೆಲ್ಲ ಒದ್ದೆಯಾಗಿಯೇ ಉಳಿಯುತ್ತದೆ. ಬೆಳಗಿನ ಜಾವ ಹಾಯಿಸುವುದು ಲೇಸು.

ನಾಳೆ ಬೇಗ ಎದ್ದು ಅಂಗಳದ ಗರಿಕೆಯನ್ನು ನೋಡಿ. ಎಸಳಿನ ಮೈಯೆಲ್ಲ ಸಣ್ಣ ಹನಿಗಳಿದ್ದರೆ ಅದು ಇಬ್ಬನಿ. ತುದಿಯಲ್ಲಿ ಮಾತ್ರ ಒಂದೊಂದು ದಪ್ಪ ಹನಿ ತೂಗುತ್ತಿದ್ದರೆ? ಅದು ಗರಿಕೆ ತಾನೇ ಹೊರಹಾಕಿದ ನೀರಿರಬಹುದು!