ಎಲೆ ಅವರದು, ಎದೆಬಡಿತ ಇವರದು

ಇಸ್ಪೀಟು ಎಂದ ಕೂಡಲೇ ಜಿಲ್ಲೆಯ ಓದುಗರಿಗೆ ನೆನಪಾಗುವುದು ಅಂದರ್ ಬಾಹರ್. ಪೊಲೀಸ್ ದಾಳಿ, ಪಣಕ್ಕಿಟ್ಟ ಹಣ ವಶ, ಇಷ್ಟು ಮಂದಿ ಬಂಧನ, ಅಷ್ಟು ಮಂದಿ ಪರಾರಿ. ಆದರೆ ಅದೇ 52 ಎಲೆಗಳಲ್ಲಿ ಇನ್ನೊಂದು ಆಟ ಇದೆ. ಅದಕ್ಕೆ ಪಣವೂ ಬೇಡ, ಪರಾರಿಯಾಗುವುದೂ ಬೇಡ. ಬೇಕಾದದ್ದು ನಾಲ್ಕು ಜನ, ಒಂದು ಮೇಜು, ಆಮೇಲೆ ತಲೆ. ಅದೇ ಬ್ರಿಡ್ಜ್.

ಜಿಲ್ಲಾ ಕೇಂದ್ರಗಳ ಹಳೇ ಆಫೀಸರ್ಸ್ ಕ್ಲಬ್ಬುಗಳಲ್ಲಿ ಈ ಆಟಕ್ಕೆ ಒಂದು ಮೂಲೆ ಇರುತ್ತಿತ್ತು. ಡಾಕ್ಟರು, ವಕೀಲರು, ಪಿ.ಡಬ್ಲ್ಯು.ಡಿ. ಇಂಜಿನಿಯರು, ಕಾಲೇಜು ಮೇಷ್ಟ್ರು ಸಂಜೆ ಆರಕ್ಕೆ ಕೂತರೆ, ಕಾಫಿ ಆರಿ ತಣ್ಣಗಾದರೂ ಎದ್ದೇಳುತ್ತಿರಲಿಲ್ಲ. ಈ ಆಟದ ದೊಡ್ಡ ತಾಪತ್ರಯ ನಾಲ್ಕನೆಯವನು. ರಮ್ಮಿಗೆ ಮೂರು ಜನ ಸಾಕು, ಬ್ರಿಡ್ಜಿಗೆ ಸಾಲದು. ಒಬ್ಬರಿಗೆ ವರ್ಗವಾಯಿತು. ಇನ್ನೊಬ್ಬರು ಬೆಂಗಳೂರಿನ ಮಗನ ಮನೆ ಸೇರಿದರು. ಮತ್ತೊಬ್ಬರು ತೀರಿಕೊಂಡರು. ಉಳಿದವರು ಒಬ್ಬರೇ ಎಷ್ಟು ದಿನ ಎಲೆ ಕಲೆಸುತ್ತಾ ಕೂರುತ್ತಾರೆ? ಈಗ ಆ ಮೇಜಿನ ಮೇಲೆ ರಮ್ಮಿ ನಡೆಯುತ್ತಿದೆ.

ಹಾಗೆ ಒಂಟಿಯಾದವರು ಈಗ ಮನೆಯಲ್ಲೇ ಕೂತು, ಮೊಬೈಲು ಹಿಡಿದು, ಇನ್ನೊಬ್ಬರ ಆಟ ನೋಡುತ್ತಿದ್ದಾರೆ. ಕಾಸಿಲ್ಲ, ಖರ್ಚಿಲ್ಲ. ‘ಆಡೋದೂ ಇಲ್ಲ, ಗೆಲ್ಲೋದೂ ಇಲ್ಲ, ಯಾರೋ ಆಡಿದ್ದಕ್ಕೆ ನಿಮಗ್ಯಾಕ್ರೀ ಬಿ.ಪಿ. ಏರೋದು?’ ಅಂತ ಮನೆಯಾಕೆ ಕೇಳಿದರೆ ಉತ್ತರ ಇಲ್ಲ.

ಇವರೇ ಆಡಬಹುದಲ್ಲ? ಆಡಬಹುದು. ಆದರೆ ಆಡಲು ಕೂತರೆ ಎದುರಿನ ಪಾರ್ಟ್ನರ್ ಯಾವ ದೇಶದವನೋ, ಯಾವ ಪದ್ಧತಿಯಲ್ಲಿ ಕೂಗುತ್ತಾನೋ! ಒಂದು ಎಲೆ ತಪ್ಪಿದರೆ ನಾಲ್ಕು ಮಾತು ಗೀಚಿ ಎದ್ದೇ ಹೋಗುತ್ತಾನೆ. ಎಪ್ಪತ್ತು ದಾಟಿದವರಿಗೆ ಈ ವಯಸ್ಸಲ್ಲಿ ಬೈಸಿಕೊಳ್ಳುವ ಹಣೆಬರಹ ಏಕೆ? ನೋಡುವವನನ್ನು ಯಾರೂ ಬೈಯುವುದಿಲ್ಲ.

ನೋಡುವ ಚಟ ಮೊಬೈಲಿನಿಂದ ಹುಟ್ಟಿದ್ದಲ್ಲ. 1958ರಲ್ಲೇ ಇಟಲಿಯ ಕೋಮೋ ಊರಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, ಆಟಗಾರರನ್ನು ಬೇರೆ ಕೋಣೆಯಲ್ಲಿ ಕೂರಿಸಿ, ಸಭಾಂಗಣದ ದೊಡ್ಡ ಬೋರ್ಡಿನಲ್ಲಿ ಎಲೆಗಳನ್ನು ತೋರಿಸಿದ್ದರು. 2001ರಲ್ಲಿ ಫ್ರೆಡ್ ಗಿಟೆಲ್‌ಮನ್ ಎಂಬ ಕೆನಡಾದ ಆಟಗಾರ ‘ಬ್ರಿಡ್ಜ್ ಬೇಸ್ ಆನ್‌ಲೈನ್’ ಶುರು ಮಾಡಿದ ಮೇಲೆ ಆ ಬೋರ್ಡು ಮನೆಮನೆಗೂ ಬಂತು. ದೊಡ್ಡ ಪಂದ್ಯಗಳಲ್ಲಿ ಮೇಜಿನ ಪಕ್ಕ ಒಬ್ಬ ಲ್ಯಾಪ್‌ಟಾಪ್ ಇಟ್ಟುಕೊಂಡು ಬಿದ್ದ ಎಲೆಯನ್ನೆಲ್ಲ ಒತ್ತುತ್ತಾ ಹೋಗುತ್ತಾನೆ. ತಿಳಿದವರು ತಮ್ಮ ತಮ್ಮ ಮನೆಯಿಂದಲೇ ಬದಿಯಲ್ಲಿ ಟಿಪ್ಪಣಿ ಬರೆಯುತ್ತಾರೆ. 2018ರಲ್ಲಿ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ 60ರ ಪ್ರಣಬ್ ಬರ್ಧನ್, 56ರ ಶಿಬ್‌ನಾಥ್ ಸರ್ಕಾರ್ ಚಿನ್ನ ಗೆದ್ದಾಗ, ಇದೂ ಒಂದು ಕ್ರೀಡೆಯೇ ಅಂತ ಬಹಳ ಜನಕ್ಕೆ ಮೊದಲ ಸಲ ಗೊತ್ತಾಯಿತು.

ಹೀಗೆ ಪಕ್ಕದಲ್ಲಿ ಕೂತು ನೋಡುವವನಿಗೆ ಬ್ರಿಡ್ಜ್ ಮಂದಿ ‘ಕಿಬಿಟ್ಸರ್’ ಎನ್ನುತ್ತಾರೆ. ಯಿಡ್ಡಿಷ್ ಮಾತು, ಬೇರು ಜರ್ಮನ್ ಭಾಷೆಯಲ್ಲಿ. ಅಲ್ಲಿ ಅದು ಒಂದು ಹಕ್ಕಿಯ ಹೆಸರು, ನಮ್ಮ ಟಿಟ್ಟಿಭದ ಯುರೋಪಿನ ದಾಯಾದಿ. ಗದ್ದೆ ಬದುವಿಗೆ ಯಾರು ಕಾಲಿಟ್ಟರೂ ನೆತ್ತಿ ಮೇಲೆ ಸುತ್ತುತ್ತಾ ಬಾಯಿ ಬಡಿದುಕೊಳ್ಳುತ್ತದಲ್ಲ, ಅದೇ ಜಾತಿ. ಹೆಸರಿಟ್ಟವನಿಗೆ ನೋಡುಗರ ಗುಣ ಚೆನ್ನಾಗಿ ಗೊತ್ತಿತ್ತು.

ಏಕೆಂದರೆ ನೋಡುವವನಿಗೆ ನಾಲ್ಕೂ ಕೈ ಕಾಣುತ್ತವೆ. ಎದುರಿಗೆ ಹಾಸಿಟ್ಟ ಪಾರ್ಟ್ನರ್ ಕೈಯಲ್ಲಿ ಇಸ್ಪೀಟಿನ ಎಕ್ಕ, ರಾಣಿ ಇವೆ ಎನ್ನಿ. ರಾಜ ಇಲ್ಲ. ಆಟಗಾರ ತನ್ನ ಕೈಯಿಂದ ಸಣ್ಣ ಎಲೆ ಇಳಿಸುತ್ತಾನೆ. ಎಡಗಡೆಯವನೂ ಸಣ್ಣದೇ ಹಾಕುತ್ತಾನೆ. ಈಗ ಎಕ್ಕ ಹಾಕುವುದೋ, ರಾಣಿಯೋ? ರಾಜ ಎಡಗಡೆ ಇದ್ದರೆ ರಾಣಿಯೇ ಗೆಲ್ಲುತ್ತಾಳೆ. ಬಲಗಡೆ ಇದ್ದರೆ ರಾಜ ಬಂದು ರಾಣಿಯನ್ನು ನುಂಗುತ್ತಾನೆ. ಬೇರೆ ಸುಳಿವಿಲ್ಲದಿದ್ದರೆ ನೂರಕ್ಕೆ 50. ಇಲ್ಲಿ ಮೊಬೈಲು ಹಿಡಿದವರಿಗೋ ರಾಜ ಬಲಗಡೆ ಕೂತಿರುವುದು ಕಣ್ಣಿಗೆ ರಾಚುತ್ತದೆ. ‘ರಾಣಿ ಹಾಕಬೇಡವೋ ದಡ್ಡ!’ ಅಂತ ಜಗಲಿಯಿಂದ ಕೂಗು. ವಿಶ್ವ ಚಾಂಪಿಯನ್ ದಡ್ಡನಾದ, ಇವರು ಜಾಣರಾದರು.

ಇದರಲ್ಲಿ ಮೋಸ ಹೋಗುವವರು ನೋಡುವವರೇ. ಸರಿಯಾದ ಲೆಕ್ಕದಲ್ಲಿ ಆಡಿಯೂ ಸೋಲಬಹುದು, ತಪ್ಪು ಲೆಕ್ಕದಲ್ಲಿ ಆಡಿಯೂ ಗೆಲ್ಲಬಹುದು ಎಂಬುದೇ ಈ ಆಟದ ಸ್ವಾರಸ್ಯ. ನಾಲ್ಕೂ ಕೈ ನೋಡಿದವನಿಗೆ ಫಲಿತಾಂಶ ಕಾಣುತ್ತದೆ, ಲೆಕ್ಕ ಕಾಣುವುದಿಲ್ಲ. ಪಳಗಿದವರು ಆಟಗಾರನ ಹೆಸರು ಒತ್ತಿ ಉಳಿದ ಕೈಗಳನ್ನು ಮುಚ್ಚುತ್ತಾರೆ. ಆಟಗಾರನಿಗೆ ಎಷ್ಟು ಕಾಣುತ್ತದೋ ಅಷ್ಟೇ ತಮಗೂ. ಎದುರಾಳಿಗಳು ಏನು ಕೂಗಿದರು, ಎಷ್ಟು ಹೊತ್ತು ತಡೆದರು, ಯಾವ ಎಲೆ ಚೆಲ್ಲಿದರು ಎಂದು ಎಣಿಸಬೇಕು. ಐದು ಎಲೆ ಹೊರಗಿದ್ದರೆ ಅವು ಮೂರು-ಎರಡಾಗಿ ಹಂಚಿರುವ ಸಂಭವ ನೂರಕ್ಕೆ 68 ಎಂಬುದನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ಆಮೇಲೆ ನೋಡಿ, ಜಗಲಿಯ ಕೂಗು ತಾನಾಗಿ ನಿಲ್ಲುತ್ತದೆ.

ನೋಡುಗರ ಕಣ್ಣು ಎಷ್ಟು ಚೂಪು ಎಂಬುದು 2015ರಲ್ಲಿ ಜಗತ್ತಿಗೇ ತಿಳಿಯಿತು. ಮಾಯ್ಕೆ ಮೇವಿಯಸ್ ಎಂಬ ನೆದರ್‌ಲೆಂಡಿನ ಹೆಣ್ಣುಮಗಳು ಭೌತವಿಜ್ಞಾನಿ, ಹವ್ಯಾಸಕ್ಕೆ ಬ್ರಿಡ್ಜ್ ಆಡುವವರು. ಮನೆಯಲ್ಲಿ ಕೂತು ಯೂಟ್ಯೂಬಿನಲ್ಲಿ ಹಳೇ ಪಂದ್ಯ ನೋಡುತ್ತಿದ್ದಾಗ ಹೆಸರಾಂತ ಜೋಡಿಯೊಂದು ಮೊದಲ ಎಲೆಯನ್ನು ಒಮ್ಮೆ ನೆಟ್ಟಗೆ, ಒಮ್ಮೆ ಅಡ್ಡ ಇಡುವುದು ಕಣ್ಣಿಗೆ ಬಿತ್ತು. ಅದು ಸಂಜ್ಞೆ ಎಂದು ಗುಲ್ಲಾಯಿತು, ಶಿಕ್ಷೆಯೂ ಆಯಿತು. 2018ರಲ್ಲಿ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಮಂಡಳಿ ಸಾಕ್ಷ್ಯ ಸಾಲದೆಂದು ಶಿಕ್ಷೆ ರದ್ದು ಮಾಡಿತು, ಆ ಮಾತು ಬೇರೆ.

ಆದರೆ 2020ರಲ್ಲಿ ಕೊರೊನಾ ಬಂದು ಕ್ಲಬ್ಬುಗಳಿಗೆಲ್ಲ ಬೀಗ ಬಿದ್ದು, ಆಟವೆಲ್ಲ ಇಂಟರ್‌ನೆಟ್ಟಿಗೆ ಹೋಯಿತು ನೋಡಿ, ಆಗ ನೋಡುಗರ ಕುರ್ಚಿಯೇ ಕಳ್ಳರ ಕಿಂಡಿಯಾಯಿತು. ಉಪಾಯ ಬಹಳ ಸುಲಭ. ಒಂದು ಹೆಸರಿನಲ್ಲಿ ಆಡುವುದು, ಇನ್ನೊಂದು ಹೆಸರಿನಲ್ಲಿ ನೋಡುಗನಾಗಿ ಅದೇ ಮೇಜಿಗೆ ಬರುವುದು. ನಾಲ್ಕೂ ಕೈ ಕಾಣುತ್ತವಲ್ಲ! ಆ ವರ್ಷ ಪೋಲೆಂಡಿನ ಅಂತರರಾಷ್ಟ್ರೀಯ ಆಟಗಾರನೇ ಒಬ್ಬ ಹೀಗೆ ಮಾಡಿದೆ ಎಂದು ಒಪ್ಪಿಕೊಂಡ. ಪಣವಿಲ್ಲದ ಆಟದಲ್ಲೂ ಕಳ್ಳತನ! ಅಂದರ್ ಬಾಹರ್‌ನವನಿಗೆ ದುಡ್ಡಿನ ಆಸೆ ಎನ್ನಬಹುದು, ಇವರಿಗೆ ಏನೆನ್ನುವುದು?

ಆಮೇಲೆ ಆದದ್ದು ಎಲ್ಲ ಕಡೆ ಆಗುವಂಥದ್ದೇ. ಕದ್ದವರು ಯಾರೋ, ಬಾಗಿಲು ಮುಚ್ಚಿದ್ದು ಎಲ್ಲರಿಗೂ. ಅನೇಕ ಟೂರ್ನಮೆಂಟುಗಳಲ್ಲಿ ನೋಡುಗರಿಗೆ ಪ್ರವೇಶವಿಲ್ಲ ಎಂದರು. ಕೆಲವೆಡೆ ಆಟ ನಡೆದು ಎಷ್ಟೋ ಹೊತ್ತಾದ ಮೇಲೆ ತೋರಿಸತೊಡಗಿದರು. ಕಾವಲು ಬೇಕು, ನಿಜ. ಪೆಟ್ಟು ಬಿದ್ದದ್ದು ಮಾತ್ರ ಒಂದು ಎಲೆಯನ್ನೂ ಮುಟ್ಟದೆ ಕೂತಿದ್ದ ಮುದುಕರಿಗೆ. ಹಾಗೆ ನೋಡಿದರೆ ತಡವಾಗಿ ತೋರಿಸುವುದೇ ವಾಸಿ. ನೋಡುಗನಿಗೆ ಎಲೆ ಬಿದ್ದ ಘಳಿಗೆಯೇ ಬೇಕೆಂದಿಲ್ಲ, ಬೀಳುವ ಮುಂಚೆ ಯೋಚಿಸಲು ಬಿಟ್ಟರೆ ಸಾಕು. ತೀರಾ ಬಾಗಿಲು ಹಾಕುವುದು ಅನ್ಯಾಯ.

ಈಗಲೂ ತೆರೆದ ಮೇಜುಗಳಿಗೆ ಬರವಿಲ್ಲ. ಯುರೋಪಿನವರ ಬೆಳಗಿನ ಆಟ ಇಲ್ಲಿ ಊಟ ಮುಗಿಸಿ ಅಡ್ಡಾಗುವ ಹೊತ್ತಿಗೆ ಶುರು. ಅಮೆರಿಕದವರು ಮಧ್ಯಾಹ್ನ ಕೂತರೆ ಇಲ್ಲಿ ರಾತ್ರಿ ಹತ್ತೂವರೆ. ಮನೆಯವರೆಲ್ಲ ಮಲಗಿರುತ್ತಾರೆ. ಜಗಲಿಯಲ್ಲಿ ಒಂದು ಸಣ್ಣ ಬೆಳಕು, ಮೂರು ಕೈ ಮುಚ್ಚಿದೆ, ಇಸ್ಪೀಟಿನ ರಾಜ ಯಾವ ಕಡೆ ಇದ್ದಾನೋ ಇನ್ನೂ ಗೊತ್ತಾಗಿಲ್ಲ.