ಗಾಡಿ ನಮ್ಮದು, ಸ್ಟಿಯರಿಂಗ್ ಇನ್ನೊಬ್ಬರ ಕೈಯಲ್ಲಿ

ಮದುವೆ ಸೀಸನ್ನಿನ ಬೆಳಗಿನ ಜಾವ ನಮ್ಮ ಅಡುಗೆಮನೆಗಳ ಮುಂದೆ ಕಾಣುವ ದೃಶ್ಯ ಸದಸ್ಯ ಬಂಧುಗಳಿಗೆ ಹೊಸದೇನಲ್ಲ. ಇಡ್ಲಿಯ ಡಬರಿ, ಸಾಂಬಾರಿನ ಕೊಳಗ, ಗ್ಯಾಸ್ ಒಲೆ ಎಲ್ಲವೂ ಟೆಂಪೊ ಏರಿವೆ. ಡ್ರೈವರ್ ಮಾತ್ರ ನಾಪತ್ತೆ. ಪಾರ್ಟಿಯವರ ಫೋನು ಮೇಲಿಂದ ಮೇಲೆ. ಅಷ್ಟರಲ್ಲಿ ಕ್ಲೀನರ್ ಹುಡುಗ, "ಶೇಠ್, ನನಗೆ ಗಾಡಿ ಬರ್ತದೆ" ಎನ್ನುತ್ತಾನೆ. ನಾವು ಕೀಲಿ ಕೊಟ್ಟುಬಿಡುತ್ತೇವೆ. ಅಹಮದಾಬಾದಿರಲಿ, ವಡೋದರಾ, ಸೂರತ್ ಇರಲಿ, ನಮ್ಮಲ್ಲಿ ಈ ತಪ್ಪು ಮಾಡದವರು ಕಡಿಮೆ. ನಾವೂ ಮಾಡಿದ್ದೇವೆ. ಅಂದು ಗೋಡೆಗೆ ಮಾತ್ರ ತಾಗಿತು, ದೇವರು ದೊಡ್ಡವನು.

ಮನುಷ್ಯನಿಗೆ ತಾಗಿದ್ದರೆ? ಅಜಾಗರೂಕತೆಯ ಪೊಲೀಸ್ ಕೇಸು ಗಾಡಿ ಓಡಿಸಿದವನ ಮೇಲೆ. ಆದರೆ ಪರಿಹಾರದ ಹಣದ ಲೆಕ್ಕ ಬೇರೆ. ಕ್ಲೇಮ್ಸ್ ಟ್ರಿಬ್ಯೂನಲ್‌ನಲ್ಲಿ ಡ್ರೈವರ್, ಮಾಲೀಕ, ವಿಮಾ ಕಂಪನಿ ಮೂವರೂ ಎದುರುದಾರರು. ಕೆಲಸದವನು ನಮ್ಮ ಕೆಲಸದ ಮೇಲೆ ಹೋಗಿ ಮಾಡಿದ ತಪ್ಪಿಗೆ ನಾವೂ ಹೊಣೆ. ಆ ಭಾರವನ್ನು ವಿಮಾ ಕಂಪನಿ ಹೊರುತ್ತದೆಯೇ, ನಮ್ಮ ಹೋಟೆಲಿನ ಮೇಲೆ ಬೀಳುತ್ತದೆಯೇ ಎಂಬುದೇ ಪ್ರಶ್ನೆ.

ಇದಕ್ಕೆ ಗುಜರಾತಿನದೇ ಒಂದು ಪ್ರಸಿದ್ಧ ಪ್ರಕರಣವಿದೆ. ಲಾರಿಯ ಡ್ರೈವರ್ ಎಂಜಿನ್ ಚಾಲೂ ಇಟ್ಟು, ಕ್ಲೀನರನ್ನು ಗಾಡಿಯಲ್ಲೇ ಬಿಟ್ಟು, ಎದುರಿನ ಅಂಗಡಿಗೆ ತಿಂಡಿ ತರಲು ಹೋದ. (ತಿಂಡಿ ಮಾರುವವರಾದ ನಾವು ಇದನ್ನು ಮರೆಯುವಂತಿಲ್ಲ!) ಲೈಸೆನ್ಸ್ ಇಲ್ಲದ ಕ್ಲೀನರ್ ಗಾಡಿ ಓಡಿಸಿ ಅಪಘಾತ ಮಾಡಿದ. ಪಾಲಿಸಿಯ ಷರತ್ತು ಮುರಿದಿದೆ, ಹಣ ಕೊಡುವುದಿಲ್ಲ ಎಂದು ಸ್ಕಾಂಡಿಯಾ ವಿಮಾ ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1987ರಲ್ಲಿ ಕೋರ್ಟು ಒಪ್ಪಲಿಲ್ಲ. ಮಾಲೀಕ ಲೈಸೆನ್ಸ್ ಇರುವ ಡ್ರೈವರನ್ನೇ ನೇಮಿಸಿದ್ದಾನೆ, ಷರತ್ತು ಮುರಿದವನು ಅವನಲ್ಲ, ಆದ್ದರಿಂದ ಕಂಪನಿಯೇ ಕೊಡಬೇಕು ಎಂದಿತು.

ಇದನ್ನು ಓದಿ ನೆಮ್ಮದಿಯಾಗಿ ಕೂರಬೇಡಿ. ಅಲ್ಲಿ ಕೀಲಿ ಕೊಟ್ಟವನು ಮಾಲೀಕನಲ್ಲ. ನಮ್ಮ ಬೆಳಗಿನ ಜಾವದ ಕಥೆಯಲ್ಲಿ ಕೊಟ್ಟವರು ನಾವೇ. 2004ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಮೂವರು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇದು: ಮಾಲೀಕನದೇ ತಪ್ಪು ಎಂದು ಕಂಪನಿ ಸಾಬೀತು ಮಾಡಬೇಕು, ಸಾಬೀತಾದರೂ ಮೊದಲು ಸಂತ್ರಸ್ತರಿಗೆ ಹಣ ಕೊಡುವಂತೆ, ನಂತರ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಟ್ರಿಬ್ಯೂನಲ್ ಆದೇಶಿಸಬಹುದು. ವಸೂಲಿಗೆ ಬಂದಾಗ ಸಿಗುವುದು ಹುಡುಗನ ಪಗಾರವಲ್ಲ, ನಮ್ಮ ಆಸ್ತಿ. ಜೊತೆಗೆ, ಲೈಸೆನ್ಸ್ ಇಲ್ಲದವನಿಗೆ ಗಾಡಿ ಕೊಟ್ಟ ಮಾಲೀಕನಿಗೆ ಮೋಟಾರು ವಾಹನ ಕಾಯಿದೆಯ 180ನೇ ಸೆಕ್ಷನ್ ಪ್ರಕಾರ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಹದಿನೆಂಟು ತುಂಬದ ಹುಡುಗನಾದರೆ 2019ರ ತಿದ್ದುಪಡಿಯಂತೆ ಮೂರು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು.

ನಕಲಿ ಲೈಸೆನ್ಸಿನ ಭಯ ಹಲವರಿಗಿದೆ. 2022ರ ಸುಪ್ರೀಂ ಕೋರ್ಟ್ ತೀರ್ಪಿನಂತೆ, ಅದು ಅಸಲಿಯೇ ಎಂದು ಆರ್‌ಟಿಒಗೆ ಹೋಗಿ ವಿಚಾರಿಸುವ ಹೊಣೆ ಸಾಮಾನ್ಯವಾಗಿ ಮಾಲೀಕನ ಮೇಲಿಲ್ಲ. ಲೈಸೆನ್ಸ್ ನೋಡಿ, ಡ್ರೈವಿಂಗ್ ಪರೀಕ್ಷಿಸಿ ನೇಮಿಸಿದ್ದರೆ ಸಾಕು. 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಇನ್ನೊಂದು ಗೊಂದಲ ಬಗೆಹರಿಸಿತು: ಲೈಟ್ ವಾಹನದ ಲೈಸೆನ್ಸ್ ಇದ್ದವನು ಸರಕೂ ಸೇರಿ 7,500 ಕಿಲೋ ಮೀರದ ಸಾಗಣೆ ವಾಹನ ಓಡಿಸಬಹುದು. ನಮ್ಮ ಸಣ್ಣ ಟೆಂಪೊಗಳಿಗೆ ಇದು ಅನುಕೂಲವೇ.

ನಮ್ಮ ಮಟ್ಟಿಗೆ ಹೆಚ್ಚು ಅಪಾಯ ಇರುವುದು ಗಾಡಿಯ ಹಿಂಭಾಗದಲ್ಲಿ. ಪಾತ್ರೆಗಳ ನಡುವೆ ಕೂತ ಬಡಿಸುವ ಹುಡುಗರು! ಸರಕು ವಾಹನದಲ್ಲಿ ಸುಮ್ಮನೆ ಹತ್ತಿಸಿಕೊಂಡ ಪ್ರಯಾಣಿಕರು ಕಡ್ಡಾಯ ಪಾಲಿಸಿಯಲ್ಲಿ ಬರುವುದಿಲ್ಲ ಎಂದು 2002ರ ಡಿಸೆಂಬರಿನಲ್ಲೇ ಸುಪ್ರೀಂ ಕೋರ್ಟ್ ಹೇಳಿತ್ತು. ಬಾಡಿಗೆ ಟೆಂಪೊ ಆದರೆ ತೊಡಕು ಇನ್ನೂ ಹೆಚ್ಚು. ಸರಕಿನವನ ಕೆಲಸಗಾರರು ಗಾಡಿ ಮಾಲೀಕನ ಕೆಲಸಗಾರರಲ್ಲ, ಆ ಲೆಕ್ಕದಲ್ಲಿ ವಿಮೆ ಸಿಗದು ಎಂಬುದು 2012ರ ತೀರ್ಪು. ಆಗ ಆ ಹುಡುಗರ ಮನೆಯವರು ಬರುವುದು ನಮ್ಮ ಬಾಗಿಲಿಗೇ.

ಬೈಕ್ ಎರವಲು ಕೊಡುವ ವಿಷಯದಲ್ಲೂ ಒಂದು ಮಾತು. ಇಳಕಲ್ಲಿನಿಂದ ಗುಡೂರಿಗೆ ಹೊರಟ ಒಬ್ಬರು ಬೇರೆಯವರ ಬೈಕ್ ತಂದಿದ್ದರು. ಎತ್ತಿನ ಗಾಡಿಗೆ ಡಿಕ್ಕಿಯಾಗಿ ತೀರಿಕೊಂಡರು. ಎರವಲು ತಂದವನು ಮಾಲೀಕನ ಸ್ಥಾನದಲ್ಲೇ ನಿಲ್ಲುತ್ತಾನೆ, ಆದ್ದರಿಂದ ಅಂದಿನ 163ಎ ಸೆಕ್ಷನ್ನಿನಡಿ ಮನೆಯವರಿಗೆ ಪರಿಹಾರವಿಲ್ಲ ಎಂದು 2009ರಲ್ಲಿ ತೀರ್ಪಾಯಿತು. ಬೇರೆ ಸೆಕ್ಷನ್ನಿನಡಿ ಪರಿಶೀಲಿಸಲು ಮಾತ್ರ ಪ್ರಕರಣ ಹಿಂದಕ್ಕೆ ಹೋಯಿತು. ನೆಂಟರಿಗೆ ಬೈಕ್ ಕೊಡುವಾಗ ಇದು ನೆನಪಿರಲಿ.

ಇನ್ನು ಮಾರಿದ ಗಾಡಿ. ಹಣ ಎಣಿಸಿಕೊಂಡು, ಕೀಲಿ ಕೊಟ್ಟು, ಆರ್‌ಸಿ ಬದಲಾಯಿಸದೆ ಬಿಡುವವರು ನಮ್ಮಲ್ಲಿ ಬೇಕಾದಷ್ಟು. 2007ರಲ್ಲಿ ಮಾರಿ, ಹಲವು ಕೈ ದಾಟಿದ ಕಾರೊಂದು 2009ರಲ್ಲಿ ಅಪಘಾತ ಮಾಡಿತು. ಆರ್‌ಸಿಯಲ್ಲಿ ಹೆಸರಿದ್ದವನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ರಾಜ್ಯದೊಳಗೆ ಮಾರಿದರೆ ಹದಿನಾಲ್ಕು ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು.

ನಾವಂತೂ ಆ ಗೋಡೆಯ ಘಟನೆಯ ನಂತರ ಟೆಂಪೊದ ಕೀಲಿಯನ್ನು ಗಲ್ಲಾದಲ್ಲೇ ಇಡುತ್ತೇವೆ. ಡ್ರೈವರನ ಲೈಸೆನ್ಸಿನ ನಕಲು ಮತ್ತು ಪಾಲಿಸಿ ಮುಗಿಯುವ ತಾರೀಕು ಗಲ್ಲಾದ ಮುಚ್ಚಳದ ಒಳಗೆ ಅಂಟಿಸಿದೆ. ಡ್ರೈವರ್ ಬಾರದಿದ್ದರೆ ಬಾಡಿಗೆ ಟೆಂಪೊ, ಹುಡುಗರಿಗೆ ಪ್ರತ್ಯೇಕ ರಿಕ್ಷಾ. ಖರ್ಚು ಆಗುತ್ತದೆ. ಈಗ ಪಾರ್ಟಿಗೆ ಕೊಡುವ ಎಸ್ಟಿಮೇಟಿನಲ್ಲೇ ಅದನ್ನು ಸೇರಿಸುತ್ತೇವೆ.