ಪರದೇಶದ ಸಂಹಿತೆ, ನಮ್ಮ ಕಾನೂನು: ಗ್ಯಾಸ್ ಟ್ಯಾಂಕರಿನ ಗೋಡೆಯ ಲೆಕ್ಕ

ಕಳೆದ ಪಾಲಕರ ಸಭೆ ಮುಗಿದ ಮೇಲೆ ತಾಯಿಯೊಬ್ಬರು ನನ್ನನ್ನು ತಡೆದು ನಿಲ್ಲಿಸಿದರು. ಅವರ ಹಿರಿಯ ಮಗ ಕನ್ನಡ ಮಾಧ್ಯಮದಲ್ಲಿ ಓದಿ, ಐಟಿಐಯಲ್ಲಿ ವೆಲ್ಡಿಂಗ್ ಕಲಿತು, ಈಗ ಗ್ಯಾಸ್ ಟ್ಯಾಂಕ್ ತಯಾರಿಸುವ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದಾನೆ. “ಮೇಷ್ಟ್ರೇ, ಅಲ್ಲಿ ಎಲ್ಲವೂ ಅಮೆರಿಕದ ಕೋಡಿನಂತೆ ನಡೆಯುತ್ತದಂತೆ. ನಮ್ಮ ದೇಶಕ್ಕೆ ಸ್ವಂತ ಕಾನೂನಿಲ್ಲವೇ? ನಾಳೆ ಏನಾದರೂ ಆದರೆ ಕೇಳುವವರು ಯಾರು?” ಎಂದು ಕೇಳಿದರು. ನಿಂತಲ್ಲೇ ಕೊಟ್ಟ ಉತ್ತರ ನನಗೇ ಸಮಾಧಾನ ತರಲಿಲ್ಲ. ಅದಕ್ಕಾಗಿ ಈ ಬರಹ.

ಓಮಲೂರಿನವರಿಗೆ ಈ ಪ್ರಶ್ನೆ ದೂರದ್ದಲ್ಲ. ತೊಪ್ಪೂರು ಘಟ್ಟವನ್ನಿಳಿದು ಸೇಲಂ ಕಡೆಗೆ ಸಾಗುವ ಬುಲೆಟ್ ಟ್ಯಾಂಕರುಗಳನ್ನು ನಮ್ಮ ಮಕ್ಕಳು ದಿನವೂ ಕಾಣುತ್ತಾರೆ. ಅನಿಲವನ್ನು ಅಧಿಕ ಒತ್ತಡದಲ್ಲಿ ಹಿಡಿದಿಡುವ ಇಂಥ ಪಾತ್ರೆಯೇ ಒತ್ತಡ ಪಾತ್ರೆ. ಅಡುಗೆಮನೆಯ ಕುಕ್ಕರ್ ಅದರ ಪುಟ್ಟ ತಂಗಿ. ಸಾವಿರ ಲೀಟರಿಗಿಂತ ಹೆಚ್ಚು ಜಲಧಾರಣೆಯುಳ್ಳ, ಬೆಂಕಿಗೊಡ್ಡದ ಅನಿಲಪಾತ್ರೆಗಳಿಗೆ 2016ರ ಸ್ಥಿರ ಮತ್ತು ಚರ ಒತ್ತಡ ಪಾತ್ರೆಗಳ ನಿಯಮಾವಳಿ ಅನ್ವಯಿಸುತ್ತದೆ. ಅದರ ತಾಯಿಬೇರು 1884ರ ಸ್ಫೋಟಕ ಕಾಯ್ದೆ. ಅದನ್ನು ಜಾರಿಗೊಳಿಸುವುದು ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ಪೆಟ್ರೋಲಿಯಂ ಮತ್ತು ಸ್ಫೋಟಕ ಸುರಕ್ಷತಾ ಸಂಸ್ಥೆ, ಅಂದರೆ ಪೆಸೊ.

ಪಾತ್ರೆಯನ್ನು ಹೇಗೆ ಕಟ್ಟಬೇಕೆಂಬ ತಾಂತ್ರಿಕ ವಿವರವನ್ನೆಲ್ಲ ಕಾನೂನು ತಾನೇ ಹೇಳುವುದಿಲ್ಲ. ಅದನ್ನು ಹೇಳುವ ಗ್ರಂಥಕ್ಕೆ ಸಂಹಿತೆ ಅಥವಾ ಕೋಡ್ ಎಂದು ಹೆಸರು. ನಮ್ಮದು 1969ರ ಐಎಸ್ 2825. ಅಮೆರಿಕದ ಯಂತ್ರಶಿಲ್ಪಿಗಳ ಸಂಘವಾದ ಎಎಸ್‌ಎಂಇಯದು ಇನ್ನೂ ಹಳೆಯದು. 1905ರಲ್ಲಿ ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್ ಪಟ್ಟಣದ ಷೂ ಕಾರ್ಖಾನೆಯ ಬಾಯ್ಲರ್ ಸಿಡಿದು 58 ಮಂದಿ ಸತ್ತ ಬಳಿಕ ಆ ರಾಜ್ಯ ನಿಯಮ ಮಾಡಿತು. ಸಂಘದ ಸಂಹಿತೆಯ ಮೊದಲ ಆವೃತ್ತಿ 1914ರದು. ನಮ್ಮಲ್ಲಿಯೂ ಹಾಗೆಯೇ: 1863ರಲ್ಲಿ ಕಲ್ಕತ್ತೆಯಲ್ಲಿ ಬಾಯ್ಲರ್ ಸಿಡಿದ ಮೇಲೆಯೇ, 1864ರಲ್ಲಿ, ಬಂಗಾಳದಲ್ಲಿ ತಪಾಸಣೆಯ ಕಾಯ್ದೆ ಬಂದದ್ದು.

ಪಾತ್ರೆಯನ್ನು ಭಾರತೀಯ ಮಾನಕದಂತೆ, ಇಲ್ಲವೇ ಮುಖ್ಯ ಸ್ಫೋಟಕ ನಿಯಂತ್ರಕರು ಒಪ್ಪಿದ ಬೇರೊಂದು ಸಂಹಿತೆಯಂತೆ ಕಟ್ಟಬಹುದು. ಪರದೇಶದ ಸಂಹಿತೆ ನಮ್ಮ ಕಾನೂನಿನೊಳಗೆ ಬರುವ ಬಾಗಿಲು ಇದೇ. ತಮಿಳುನಾಡಿನಲ್ಲಿ ಹತ್ತನೆಯ ತರಗತಿ ಮುಗಿಸಿದ ನಮ್ಮ ಮಗು ಕರ್ನಾಟಕದ ಕಾಲೇಜಿಗೆ ಸೇರುವಾಗ ಪಠ್ಯ ಇಲ್ಲಿಯದು, ಸೇರಿಸಿಕೊಳ್ಳುವ ಅಧಿಕಾರ ಅಲ್ಲಿಯದು. ಇದೂ ಅಂಥದೇ. ಲೆಕ್ಕದ ವಿಧಾನ ಅಮೆರಿಕದ್ದಿರಬಹುದು. ನಕ್ಷೆಗೆ ಒಪ್ಪಿಗೆ, ಪರವಾನಗಿ, ತಪ್ಪಿದರೆ ವಿಚಾರಣೆ ಎಲ್ಲವೂ ಭಾರತದವೇ.

ಹಾಗಿದ್ದರೆ ಅಪಾಯವಿರುವುದೆಲ್ಲಿ? ಎರಡು ಸಂಹಿತೆಗಳನ್ನು ಬೆರಸುವುದರಲ್ಲಿ. ಒಂಬತ್ತನೆಯ ತರಗತಿಯ ಗಣಿತ ಬಲ್ಲವರು ಈ ಲೆಕ್ಕವನ್ನು ಮಾಡಿ ನೋಡಬಹುದು. ಕೊಳವೆಯಾಕಾರದ ಪಾತ್ರೆಯ ಗೋಡೆಯ ದಪ್ಪ ಬೇಕಾದರೆ, ಒತ್ತಡವನ್ನು ವ್ಯಾಸದಿಂದ ಗುಣಿಸಿ, ಉಕ್ಕು ಹೊರಬಹುದೆಂದು ಅನುಮತಿಸಿದ ಬಲದ ಇಮ್ಮಡಿಯಿಂದ ಭಾಗಿಸಬೇಕು. ವ್ಯಾಸ 200 ಸೆಂ.ಮೀ., ಒತ್ತಡ ಚದರ ಸೆಂ.ಮೀ.ಗೆ 14 ಕಿಲೊ, ಉಕ್ಕು ಹರಿಯುವ ಬಲ ಚದರ ಸೆಂ.ಮೀ.ಗೆ 4,200 ಕಿಲೊ ಎನ್ನೋಣ. ಐಎಸ್ 2825 ಈ ಬಲವನ್ನು 3ರಿಂದ ಭಾಗಿಸಿ 1,400 ಕಿಲೊ ಅನುಮತಿಸುತ್ತದೆ. ಗೋಡೆ 10 ಮಿ.ಮೀ. ಬರುತ್ತದೆ. ಎಎಸ್‌ಎಂಇಯ ಎಂಟನೆಯ ಭಾಗದ ಮೊದಲ ವಿಭಾಗ 3.5ರಿಂದ ಭಾಗಿಸಿ 1,200 ಕಿಲೊ ಅನುಮತಿಸುತ್ತದೆ. ಗೋಡೆ ಸುಮಾರು 11.7 ಮಿ.ಮೀ. ಬರುತ್ತದೆ. ತುಕ್ಕಿಗೆಂದು ಸೇರಿಸುವ ದಪ್ಪವನ್ನು ಇಲ್ಲಿ ಬಿಟ್ಟಿದ್ದೇನೆ. ಪರದೇಶದ ಕೋಡ್ ಎಂದರೆ ತೆಳುವಾದ ತಗಡು ಎಂಬ ಗುಮಾನಿ ಇಲ್ಲಿಗೇ ಬಿದ್ದುಹೋಯಿತು.

ಆದರೆ ಈ ಎರಡೂ ಅಂಕಿಗಳ ಹಿಂದೆ ಒಂದು ಷರತ್ತಿದೆ: ಬೆಸುಗೆಯನ್ನು ಪೂರ್ತಿಯಾಗಿ ಎಕ್ಸ್‌ರೇ ತೆಗೆದು ನೋಡಿರಬೇಕು. ಎಕ್ಸ್‌ರೇಯೇ ಇಲ್ಲದಿದ್ದರೆ ಸಾಮಾನ್ಯ ಬೆಸುಗೆಯನ್ನು ಅಮೆರಿಕದ ಸಂಹಿತೆ ನೂರಕ್ಕೆ 70ರಷ್ಟು ಮಾತ್ರ ನಂಬುತ್ತದೆ. ಆಗ ಗೋಡೆ 16.7 ಮಿ.ಮೀ. ಆಗಬೇಕು. ಒಂದು ಪುಸ್ತಕದ 10 ಮಿ.ಮೀ. ಗೋಡೆ, ಇನ್ನೊಂದು ಪುಸ್ತಕದ ಎಕ್ಸ್‌ರೇ ವಿನಾಯಿತಿ, ಎರಡನ್ನೂ ಆರಿಸಿಕೊಂಡವನ ಪಾತ್ರೆ ಯಾವ ದೇಶದ ಸಂಹಿತೆಗೂ ಸೇರದು. ಸ್ವದೇಶಿಯೋ ಪರದೇಶಿಯೋ ಎಂಬ ವಾದಕ್ಕಿಂತ, ಒಪ್ಪಿದ ಸಂಹಿತೆಯನ್ನು ಇಡಿಯಾಗಿ ಪಾಲಿಸಿದರೋ ಎಂಬುದೇ ಕೇಳತಕ್ಕ ಪ್ರಶ್ನೆ ಎಂದು ನನ್ನ ಅಭಿಪ್ರಾಯ.

ಇನ್ನು ಮೇಟ್ಟೂರಿನ ಮಾತು. ಅಲ್ಲಿಯ ಶಾಖೋತ್ಪನ್ನ ವಿದ್ಯುತ್ ಕೇಂದ್ರದಲ್ಲಿ 210 ಮೆಗಾವಾಟಿನ ನಾಲ್ಕು ಘಟಕಗಳ ಜೊತೆಗೆ 600 ಮೆಗಾವಾಟಿನದೊಂದು ಇದೆ. ಆ ದೊಡ್ಡ ಘಟಕದ ಬಾಯ್ಲರ್ ಚೀನಾದ ಡಾಂಗ್‌ಫಾಂಗ್ ಸಂಸ್ಥೆಯದು. ಬೆಂಕಿಯ ಮೇಲಿರುವ ಬಾಯ್ಲರಿಗೆ ಪೆಸೊ ನಿಯಮವಲ್ಲ, ಬಾಯ್ಲರ್ ಕಾನೂನು ಅನ್ವಯಿಸುತ್ತದೆ. 1923ರ ಕಾಯ್ದೆಯ ಜಾಗದಲ್ಲಿ 2025ರಲ್ಲಿ ಹೊಸ ಕಾಯ್ದೆ ಬಂದಿದೆ. ತಾಂತ್ರಿಕ ವಿವರಗಳಿರುವುದು 1950ರ ಭಾರತೀಯ ಬಾಯ್ಲರ್ ನಿಯಮಾವಳಿಯಲ್ಲಿ. ಹೊರದೇಶದಲ್ಲಿ ಕಟ್ಟಿದ ಬಾಯ್ಲರನ್ನು ಕಟ್ಟುವಾಗಲೇ ಮಾನ್ಯತೆ ಪಡೆದ ತಪಾಸಣಾ ಸಂಸ್ಥೆ ಪರೀಕ್ಷಿಸಿ ಪತ್ರ ಕೊಡಬೇಕು. ಇಲ್ಲಿಗೆ ಬಂದ ಮೇಲೆ ರಾಜ್ಯದ ಬಾಯ್ಲರ್ ಇಲಾಖೆ ನೋಂದಣಿ ಮಾಡಬೇಕು. ಇದು ಬರಿಯ ಕಾಗದದ ಕೆಲಸವಲ್ಲ. ನೆಯ್ವೇಲಿಯಲ್ಲಿ 2020ರ ಮೇ ಮತ್ತು ಜುಲೈ ತಿಂಗಳುಗಳಲ್ಲಿ ನಡೆದ ಬಾಯ್ಲರ್ ದುರಂತಗಳನ್ನು ತಮಿಳುನಾಡಿನಲ್ಲಿರುವ ನಾವು ಮರೆಯಲಾಗದು.

ವೆಲ್ಡಿಂಗ್ ಕಲಿಯುವ ಮಕ್ಕಳ ಮನೆಯವರು ಒಂದು ಸಂಗತಿಯನ್ನು ಗಮನಿಸಬೇಕು. ಎಎಸ್‌ಎಂಇಯ ಒಂಬತ್ತನೆಯ ಭಾಗದಂತೆ ಪರೀಕ್ಷೆ ಗೆದ್ದ ಮಾತ್ರಕ್ಕೆ ಬಾಯ್ಲರಿನ ಒತ್ತಡಭಾಗಗಳಿಗೆ ಬೆಸುಗೆ ಹಾಕಲು ಆಗುವುದಿಲ್ಲ. ಅದಕ್ಕೆ ಬಾಯ್ಲರ್ ನಿಯಮಾವಳಿಯ ಪ್ರಕಾರ ಬೇರೆಯೇ ಅರ್ಹತಾಪತ್ರ ಬೇಕು. ಶುಲ್ಕ ಕಟ್ಟುವ ಮೊದಲು ತರಬೇತಿ ಕೇಂದ್ರದಲ್ಲಿ ಇದನ್ನು ಕೇಳಿ ತಿಳಿದುಕೊಳ್ಳಿರಿ.

ಟ್ಯಾಂಕರಿನ ಪಾತ್ರೆಗೆ ಒಂದು ಲೋಹದ ಫಲಕವಿರುತ್ತದೆ. ತಯಾರಕರ ಹೆಸರು, ಯಾವ ಸಂಹಿತೆ, ವಿನ್ಯಾಸದ ಒತ್ತಡ, ನೀರೊತ್ತಡ ಪರೀಕ್ಷೆಯ ದಿನಾಂಕ, ತುಂಬುವ ಅನಿಲ, ಎಲ್ಲವೂ ಅದರಲ್ಲಿರಬೇಕು. ಆ ಪರೀಕ್ಷೆ ಐದು ವರ್ಷಕ್ಕೊಮ್ಮೆ. ಕ್ಲೋರಿನ್‌ನಂಥ ವಿಷಾನಿಲ ತುಂಬುವ ಪಾತ್ರೆಗೆ ಎರಡು ವರ್ಷಕ್ಕೊಮ್ಮೆ.

ಈ ಸಂಗತಿಗಳನ್ನು ಆ ತಾಯಿಗೆ ಹೇಳಿದಾಗ ಅವರು ಮಗನಿಗೆ ಫೋನ್ ಮಾಡಿದರು. ಹಿಂದಿನ ದಿನವಷ್ಟೇ ಅವನ ಒಂದು ಬೆಸುಗೆ ಎಕ್ಸ್‌ರೇಯಲ್ಲಿ ತಿರಸ್ಕೃತವಾಗಿತ್ತಂತೆ. ಇಡೀ ಪಾಳಿ ಅದನ್ನು ಕೊರೆದು ತೆಗೆದು ಮತ್ತೆ ಹಾಕಿದೆನೆಂದು ಬೇಸರದಿಂದ ಹೇಳಿದ. “ತೆಗೆದುಹಾಕಿದರಲ್ಲ, ಒಳ್ಳೆಯದಾಯಿತು ಬಿಡಪ್ಪ” ಎಂದರು ತಾಯಿ.